ಪಾಲೋ ಆಲ್ಟೋ ಬದಲು ಮಾಫೆಟ್ ಕಡೆ ತಿರುಗಿದ ಸೆಸ್ನಾ: ಇದು ಹೇಗಾಗುತ್ತದೆ?

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ಅಲ್ಲ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿ ವಿಮಾನ ಹಾರಿಸುವವರು, ಟವರ್‌ನಲ್ಲಿ ಕೆಲಸ ಮಾಡಿದವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನನ್ನ ಸ್ನೇಹಿತನೊಬ್ಬ ಫ್ರೆಸ್ನೋದಲ್ಲಿದ್ದಾನೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿ ಜಾಸ್ತಿ ದಿನ ಆಗಿಲ್ಲ. ಹೋದ ವಾರ ಅವನ ಮನೆಗೆ ಹೋಗಿದ್ದೆ, ವಾಪಸ್ ವಿಮಾನದಲ್ಲೇ ಬಿಡುತ್ತೇನೆ ಅಂದ. ಬಾಡಿಗೆ ಸೆಸ್ನಾ 172. ಇಳಿಯಬೇಕಾದ್ದು ಪಾಲೋ ಆಲ್ಟೋದ ಸಣ್ಣ ಏರ್‌ಪೋರ್ಟ್‌ನಲ್ಲಿ, ಅಲ್ಲಿಗೆ ಅವನು ಹಿಂದೆ ಬಂದಿರಲಿಲ್ಲ. ಸಂಜೆ ಹೊತ್ತು. ಸುನೋಲ್ ಗುಡ್ಡ ದಾಟಿದೆವು, ಫ್ರೀಮಾಂಟ್ ಮೇಲೆ ಬಂದೆವು, ಡಂಬಾರ್ಟನ್ ಸೇತುವೆ ಕಂಡಿತು, ಕೊಲ್ಲಿಯ ಅಂಚಿನ ಉಪ್ಪಿನ ಮಡಿಗಳು ಕೆಂಪಗೆ, ಹಸಿರಾಗಿ ಕಾಣುತ್ತಿದ್ದವು. ಟವರ್‌ನವರು ರನ್‌ವೇ 31ಕ್ಕೆ ಬಲಗಡೆ ಡೌನ್‌ವಿಂಡ್ ಅಂದರು, ಅಂದರೆ ರನ್‌ವೇ ಪಕ್ಕದಲ್ಲೇ ಇಳಿಯುವ ದಿಕ್ಕಿಗೆ ಉಲ್ಟಾ ಹಾರುವುದು. ಮುಂದೆ ಬೇರೆ ವಿಮಾನ ಇತ್ತು ಅಂತ ಕಾಣುತ್ತದೆ, ಹಾಗೇ ಮುಂದಕ್ಕೆ ಹೋಗಿ, ಯಾವಾಗ ತಿರುಗಬೇಕು ಅಂತ ನಾವೇ ಹೇಳುತ್ತೇವೆ ಅಂದರು. ಆಮೇಲೆ ತಿರುಗಿ ಅಂದರು. ಇವನು ತಿರುಗಿದ. ಸೂರ್ಯ ಸರಿಯಾಗಿ ಕಣ್ಣಿಗೆ ಹೊಡೆಯುತ್ತಿತ್ತು. "ರನ್‌ವೇ ಕಾಣುತ್ತಿದೆ" ಅಂತ ರೇಡಿಯೋದಲ್ಲಿ ಹೇಳಿದ, ದನಿಯಲ್ಲಿ ಅನುಮಾನವೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಟವರ್‌ನಿಂದ ಒಬ್ಬ ಹೆಂಗಸು ತುಂಬಾ ಸಮಾಧಾನವಾಗಿ, ನೀವು ಮಾಫೆಟ್ (ಪಕ್ಕದ ದೊಡ್ಡ ಏರ್‌ಫೀಲ್ಡ್) ಕಡೆ ಹೋಗುತ್ತಿರುವ ಹಾಗೆ ಕಾಣುತ್ತಿದೆ, ಪಾಲೋ ಆಲ್ಟೋ ನಿಮ್ಮ ಬಲಕ್ಕಿದೆ ಅಂದರು. ಅವನು ಬಲಕ್ಕೆ ತಿರುಗಿಸಿದ, ಸಣ್ಣ ರನ್‌ವೇ ಕಂಡಿತು, ಇಳಿದೆವು. ಅಷ್ಟೇ. ಫೋನ್ ಮಾಡಿ ಅಂತಲೂ ಟವರ್‌ನವರು ಹೇಳಲಿಲ್ಲ.

ಆದರೆ ಅವನು ಆವತ್ತಿನಿಂದ ಹಾರುತ್ತಿಲ್ಲ. "ಒಂದು ಏರ್‌ಪೋರ್ಟನ್ನೇ ಗುರುತಿಸೋಕೆ ಬರದವನು ಪೈಲಟ್ ಹೇಗಾಗ್ತೀನಿ" ಅಂತ ಕೂತಿದ್ದಾನೆ. ನನ್ನ ಪ್ರಶ್ನೆ ಎರಡು. ಮುಂದೆ ಐಪ್ಯಾಡ್ ಇದೆ, ಜಿಪಿಎಸ್ ಇದೆ, ಆದರೂ ಹೀಗೆ ಹೇಗಾಗುತ್ತದೆ? ಮತ್ತೆ, ಅವನಿಗೆ ನಾನು ಏನು ಹೇಳಲಿ?

ಕಡಲತೀರ

ಕಠಿಣ ಅನಿಸಿದರೆ ಕ್ಷಮಿಸಿ. ಎರಡು ಏರ್‌ಪೋರ್ಟ್ ವ್ಯತ್ಯಾಸ ಗೊತ್ತಾಗದಿದ್ದರೆ ಹಾರಬಾರದು. ಕೆಳಗೆ ಮನೆಗಳಿವೆ, ಮಕ್ಕಳ ಶಾಲೆಗಳಿವೆ. ನಿಮ್ಮ ಸ್ನೇಹಿತ ಹಾರುವುದು ನಿಲ್ಲಿಸಿದ್ದು ಸರಿಯಾಗಿಯೇ ಇದೆ. ಮೊದಲು ಮತ್ತೆ ಟ್ರೇನಿಂಗ್ ಆಗಲಿ.

ಜಕ್ಕೂರು ರೆಕ್ಕೆ

ಕಡಲತೀರ ಅವರೇ, ಮತ್ತೆ ಟ್ರೇನಿಂಗ್ ಆಗಲಿ ಅನ್ನುವುದು ಸರಿ. ಆದರೆ "ವ್ಯತ್ಯಾಸ ಗೊತ್ತಾಗಲಿಲ್ಲ" ಅನ್ನುವುದು ಸರಿಯಿಲ್ಲ. ಅವರಿಗೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು. ಆ ಕ್ಷಣದಲ್ಲಿ ಅವರು ಹೋಲಿಸಲೇ ಇಲ್ಲ. ಅದು ಬೇರೆ ವಿಷಯ.

ನಾನು ಕಲಿತದ್ದು ಜಕ್ಕೂರಿನಲ್ಲಿ. ಈಗ ದೊಡ್ಡ ವಿಮಾನ ಹಾರಿಸುತ್ತೇನೆ. ಬೆಂಗಳೂರಿನ ನಕ್ಷೆ ತೆಗೆದು ನೋಡಿ. ಜಕ್ಕೂರು ರನ್‌ವೇ 08-26 (ಎರಡು ತುದಿಗೆ ಎರಡು ದಿಕ್ಕಿನ ಸಂಖ್ಯೆ). ಅಲ್ಲಿಂದ ಬಡಗು ದಿಕ್ಕಿಗೆ ಆರೇಳು ಕಿಲೋಮೀಟರ್ ಹೋದರೆ ಯಲಹಂಕ ವಾಯುಪಡೆ ನೆಲೆ, ರನ್‌ವೇ 09-27. ಇನ್ನೂ ಮುಂದೆ ದೇವನಹಳ್ಳಿ, ಅಲ್ಲೂ 09-27, 2019ರಿಂದ ಎರಡೆರಡು. ಈ ಕಡೆ ಹಳೇ ಎಚ್‌ಎಎಲ್, ಅದೂ 09-27. ನಾಲ್ಕೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಚಳಿಗಾಲದ ಬೆಳಿಗ್ಗೆ ಮಂಜು ಮುಸುಕಿದಾಗ ಮೇಲಿಂದ ನೋಡಿದರೆ ಯಲಹಂಕದ ಉದ್ದ ರನ್‌ವೇ ಮೊದಲು ಕಣ್ಣಿಗೆ ಬೀಳುತ್ತದೆ. ಜಕ್ಕೂರಿನ ಪುಟ್ಟ ಪಟ್ಟಿ ಮನೆಗಳ ಮಧ್ಯೆ ಹುಡುಕಿದರೆ ಮಾತ್ರ ಸಿಗುತ್ತದೆ. ಕಾಂಪಸ್ ನೋಡಿದರೂ ಹತ್ತು ಡಿಗ್ರಿ ಆಚೀಚೆ ಅಷ್ಟೇ, ಪಕ್ಕಗಾಳಿಗೆ ಮೂಗು ತಿರುಗಿಸಿಕೊಂಡು ಹಾರುವಾಗ ಆ ಹತ್ತು ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಇನ್‌ಸ್ಟ್ರಕ್ಟರ್ ಇದನ್ನು ಮೊದಲ ವಾರವೇ ತಲೆಗೆ ತುಂಬಿದ್ದರು. ರನ್‌ವೇ ಕಂಡಿತು ಅಂದರೆ ಒಪ್ಪುತ್ತಿರಲಿಲ್ಲ. "ಬಳ್ಳಾರಿ ರಸ್ತೆ ಎಲ್ಲಿ? ಜಿಕೆವಿಕೆ ಎಲ್ಲಿ? ಜಕ್ಕೂರು ಕೆರೆ ಯಾವ ಕಡೆ?" ಅಂತ ಕೇಳುತ್ತಿದ್ದರು. ಪಶ್ಚಿಮದ ತುದಿಯಲ್ಲಿ ಹೆದ್ದಾರಿ ಹಾದುಹೋಗಬೇಕು, ಅದರಾಚೆ ಜಿಕೆವಿಕೆಯ ಹಸಿರು ಕಾಣಬೇಕು, ಕೆರೆ ಈಶಾನ್ಯಕ್ಕಿರಬೇಕು. ಮೂರೂ ಹೊಂದಿದರೆ ಮಾತ್ರ ಅದು ಜಕ್ಕೂರು. ಕೆರೆ ಒಂದನ್ನೇ ನಂಬಿದರೆ ಕೆಟ್ಟಿರಿ. ಬೆಂಗಳೂರಿನಲ್ಲಿ ಕೆರೆಗಳು ಸುಮಾರಿವೆ, ಬೇಸಿಗೆಯಲ್ಲಿ ಒಂದು ರೂಪ, ಮಳೆಗಾಲದಲ್ಲಿ ಒಂದು ರೂಪ, ಜೊಂಡು ಬೆಳೆದರೆ ನೀರೇ ಕಾಣುವುದಿಲ್ಲ.

ಹಳೇ ಟವರ್

ನಾನು ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ನಿವೃತ್ತನಾದವನು. ರನ್‌ವೇಗಳು ಯಾಕೆ ಒಂದೇ ದಿಕ್ಕಿಗೆ ಇರುತ್ತವೆ ಅನ್ನುವುದನ್ನು ಹೇಳಿಬಿಡುತ್ತೇನೆ, ಅದು ಗೊತ್ತಾದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಒಂದು ಊರಿನಲ್ಲಿ ವರ್ಷದಲ್ಲಿ ಜಾಸ್ತಿ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ದಿಕ್ಕಿಗೇ ರನ್‌ವೇ ಹಾಕುತ್ತಾರೆ. ಪಕ್ಕದ ಏರ್‌ಪೋರ್ಟಿಗೂ ಅದೇ ಗಾಳಿ, ಹಾಗಾಗಿ ಅದೇ ದಿಕ್ಕು. ರನ್‌ವೇ ಸಂಖ್ಯೆ ಅಂದರೆ ಕಾಂಪಸ್ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ್ದು. ಅಂದರೆ ಸಂಖ್ಯೆಗಳೂ ಅಕ್ಕಪಕ್ಕದವೇ. ಪಾಲೋ ಆಲ್ಟೋ 31, ಮಾಫೆಟ್ 32, ಸ್ಯಾನ್ ಹೋಸೆ 30, ರೀಡ್ ಹಿಲ್‌ವ್ಯೂ 31, ಸ್ಯಾನ್ ಕಾರ್ಲೋಸ್ 30. ಕೊಲ್ಲಿಯ ದಡದುದ್ದಕ್ಕೂ ಸಾಲಾಗಿ ಮಲಗಿಸಿದ ಹಾಗೆ ಇವೆ.

ನಮ್ಮ ದೇಶದ ದೊಡ್ಡ ಉದಾಹರಣೆ ಬೊಂಬಾಯಿಯದು. ಸಣ್ಣ ಏರ್‌ಪೋರ್ಟ್ ಜುಹು, ರನ್‌ವೇ 08-26, ದೊಡ್ಡದು ಸಾಂತಾಕ್ರೂಜ್, 09-27, ಮಧ್ಯೆ ನಾಲ್ಕು ಕಿಲೋಮೀಟರ್ ಕೂಡ ಇಲ್ಲ. ಸಮುದ್ರದ ಕಡೆಯಿಂದ ಬಂದರೆ ಮೊದಲು ಸಿಗುವುದು ಜುಹು. 1953ರ ಜುಲೈನಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿಯ ಕಾಮೆಟ್ ಜೆಟ್ ಸಾಂತಾಕ್ರೂಜ್ ಅಂದುಕೊಂಡು ಜುಹುವಿನಲ್ಲಿ ಇಳಿಯಿತು. ಅದನ್ನು ಹಗುರ ಮಾಡಿ ಮತ್ತೆ ಅಲ್ಲಿಂದ ಎಬ್ಬಿಸಲು ದಿನಗಳೇ ಹಿಡಿದವು. ಅಷ್ಟಾದ ಮೇಲೂ 1972ರ ಸೆಪ್ಟೆಂಬರ್ 24ರ ಬೆಳಿಗ್ಗೆ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಅದೇ ತಪ್ಪು ಮಾಡಿತು. ಜುಹು ರನ್‌ವೇ ಸುಮಾರು 1,140 ಮೀಟರ್. ಡಿಸಿ-8ಕ್ಕೆ ಅದು ಎಲ್ಲಿ ಸಾಲಬೇಕು? ರನ್‌ವೇ ಮುಗಿದ ಮೇಲೂ ಮುಂದೆ ಹೋಗಿ ನಿಂತಿತು. 122 ಜನ ಇದ್ದರು, ಹಲವರಿಗೆ ಗಾಯ ಆಯಿತು, ಯಾರೂ ಸಾಯಲಿಲ್ಲ. ವಿಮಾನ ಮತ್ತೆ ಹಾರಲಿಲ್ಲ.

ಇವರು ಯಾರೂ ಹೊಸಬರಲ್ಲ, ಕೆಂಪುಮಣ್ಣು ಅವರೇ. ದೊಡ್ಡ ಕಂಪನಿಗಳ ಪೈಲಟ್‌ಗಳು. ನಿಮ್ಮ ಸ್ನೇಹಿತನಿಗೆ ಮೊದಲು ಇದನ್ನು ಹೇಳಿ.

ಕಡಲತೀರ

ಸರ್, ಅದು 1972. ಆಗ ಜಿಪಿಎಸ್ ಇರಲಿಲ್ಲ. ಈಗಿನ ಮಾತು ಹೇಳಿ.

ವಿಚಿಟಾ ವಾಸಿ

ಈಗಿನ ಮಾತನ್ನು ನಾನು ಹೇಳುತ್ತೇನೆ, ನಮ್ಮೂರಿನಲ್ಲೇ ಆಗಿದ್ದು. ಕ್ಯಾನ್ಸಸ್‌ನ ವಿಚಿಟಾದಲ್ಲಿ ವಿಮಾನ ಕಾರ್ಖಾನೆಗಳು ಜಾಸ್ತಿ, ಹಾಗಾಗಿ ರನ್‌ವೇಗಳೂ ಜಾಸ್ತಿ. ಊರಿನ ಪೂರ್ವ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಜಬಾರಾ, ಬೀಚ್ ಕಾರ್ಖಾನೆಯ ರನ್‌ವೇ, ಮೆಕಾನಲ್ ವಾಯುನೆಲೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. 2013ರ ನವೆಂಬರ್‌ನಲ್ಲಿ ಒಂದು ರಾತ್ರಿ ಬೋಯಿಂಗ್ ಡ್ರೀಮ್‌ಲಿಫ್ಟರ್, ಅಂದರೆ ವಿಮಾನದ ಭಾಗಗಳನ್ನು ಸಾಗಿಸಲು ಹೊಟ್ಟೆ ಉಬ್ಬಿಸಿ ಕಟ್ಟಿದ 747, ಮೆಕಾನಲ್ ಬದಲು ಜಬಾರಾದಲ್ಲಿ ಇಳಿಯಿತು. ಮೆಕಾನಲ್ ರನ್‌ವೇ 12,000 ಅಡಿ, ಜಬಾರಾ 6,100 ಅಡಿ. ಎಲ್ಲ ಉಪಕರಣ ಇತ್ತು, ಇಬ್ಬರು ಪೈಲಟ್ ಇದ್ದರು. ಇಳಿದ ಮೇಲೆ ತಾವು ಎಲ್ಲಿದ್ದೇವೆ ಅಂತ ಮೆಕಾನಲ್ ಟವರ್ ಜೊತೆ ಮಾತಾಡಿ ಖಚಿತ ಮಾಡಿಕೊಳ್ಳಲು ಎಷ್ಟೋ ನಿಮಿಷ ಬೇಕಾಯಿತು. ಮಾರನೇ ದಿನ ಅಲ್ಲಿಂದ ಎದ್ದು ಮೆಕಾನಲ್‌ಗೆ ಹೋಯಿತು.

ಎರಡೇ ತಿಂಗಳಿಗೆ, 2014ರ ಜನವರಿ 12ರ ಸಂಜೆ ಕತ್ತಲಲ್ಲಿ, ಸೌತ್‌ವೆಸ್ಟ್ ಕಂಪನಿಯ 737 ಮಿಸೌರಿಯ ಬ್ರಾನ್ಸನ್ ಏರ್‌ಪೋರ್ಟ್ ಬದಲು ಹತ್ತಿರದ ಸಣ್ಣ ಏರ್‌ಪೋರ್ಟ್‌ನಲ್ಲಿ ಇಳಿಯಿತು. ಅಲ್ಲಿ ರನ್‌ವೇ 3,738 ಅಡಿ. ಜೋರಾಗಿ ಬ್ರೇಕ್ ಹಾಕಿ ರನ್‌ವೇ ತುದಿಯ ಹತ್ತಿರ ನಿಲ್ಲಿಸಿದರು. ಆಚೆ ಇಳಿಜಾರು, ಕೆಳಗೆ ಹೆದ್ದಾರಿ.

ಅದಕ್ಕೂ ಮೊದಲು 2012ರಲ್ಲಿ ಅಮೆರಿಕದ ವಾಯುಪಡೆಯ ಸಿ-17 ಫ್ಲೋರಿಡಾದ ಟ್ಯಾಂಪಾದಲ್ಲಿ ಮ್ಯಾಕ್‌ಡಿಲ್ ನೆಲೆಗೆ ಹೋಗುವ ಬದಲು ಸಣ್ಣ ಪೀಟರ್ ಓ ನೈಟ್ ಏರ್‌ಪೋರ್ಟ್‌ನಲ್ಲಿ ಇಳಿದಿತ್ತು. ಎರಡೂ ರನ್‌ವೇ ಒಂದೇ ದಿಕ್ಕು. ಗಮನಿಸಿ, ಈ ಮೂರರಲ್ಲೂ ದೊಡ್ಡ ವಿಮಾನ ಸಣ್ಣ ರನ್‌ವೇಗೆ ಇಳಿದದ್ದು. ನಿಮ್ಮ ಸ್ನೇಹಿತನದು ಉಲ್ಟಾ, ಸಣ್ಣ ವಿಮಾನ ದೊಡ್ಡ ರನ್‌ವೇ ಕಡೆಗೆ. ಉದ್ದದ ಭಯ ಇಲ್ಲ, ಆದರೆ ಅಲ್ಲಿ ಬೇರೆ ವಿಮಾನ ಇಳಿಯುತ್ತಿದ್ದರೆ? ಅಪಾಯ ಅಲ್ಲಿದೆ.

ಹೊಸ ಸೋಲೋ

ನಾನು ಇನ್ನೂ ವಿದ್ಯಾರ್ಥಿ. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ಜಿಪಿಎಸ್ ನೋಡುತ್ತಾ ಹೋದರೆ ಸಾಕಲ್ವಾ? ಯಾಕೆ ನೋಡುವುದಿಲ್ಲ?

ಜಕ್ಕೂರು ರೆಕ್ಕೆ

ನೋಡುತ್ತಾರೆ. ದಾರಿಯುದ್ದಕ್ಕೂ ನೋಡುತ್ತಾರೆ. ರನ್‌ವೇ ಕಂಡ ಮೇಲೆ ನೋಡುವುದು ಬಿಡುತ್ತಾರೆ, ಅಲ್ಲೇ ಎಡವಟ್ಟು. ಇಳಿಯುವ ಹೊತ್ತಿಗೆ ಕೆಲಸ ಒಂದರ ಮೇಲೊಂದು. ವೇಗ ಇಳಿಸಬೇಕು, ಫ್ಲ್ಯಾಪ್ ಹಾಕಬೇಕು, ರೇಡಿಯೋಗೆ ಉತ್ತರ ಕೊಡಬೇಕು, ಬೇರೆ ವಿಮಾನ ಎಲ್ಲಿದೆ ಅಂತ ಹುಡುಕಬೇಕು. ಕಣ್ಣು ಹೊರಗಿರಬೇಕು ಅಂತಲೇ ಕಲಿಸಿರುತ್ತಾರೆ. ಅಷ್ಟರಲ್ಲಿ ಸರಿಯಾದ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಸರಿಯಾದ ಜಾಗದಲ್ಲಿ ಒಂದು ರನ್‌ವೇ ಕಂಡರೆ ಮನಸ್ಸು "ಸಿಕ್ಕಿತು" ಅಂತ ಹುಡುಕುವುದನ್ನೇ ನಿಲ್ಲಿಸುತ್ತದೆ. ಮದುವೆಗೆ ತಡವಾಗಿ ಹೋದವರು ಛತ್ರಗಳ ಸಾಲಿನಲ್ಲಿ ದೀಪ ಹಾಕಿದ ಮೊದಲ ಛತ್ರಕ್ಕೆ ನುಗ್ಗುತ್ತಾರಲ್ಲ, ಹಾಗೆ. ಬಾಗಿಲಲ್ಲಿ ಹೆಸರು ಬರೆದಿರುತ್ತದೆ, ಓದುವುದಿಲ್ಲ.

ಆಮೇಲೆ ಇನ್ನೊಂದು ಶುರುವಾಗುತ್ತದೆ, ಅದು ಇದಕ್ಕಿಂತ ಕೆಟ್ಟದ್ದು. ಒಮ್ಮೆ ನಂಬಿದ ಮೇಲೆ ಹೊಂದದ ಗುರುತುಗಳಿಗೂ ನಾವೇ ಸಮಜಾಯಿಷಿ ಕೊಡುತ್ತೇವೆ. ರನ್‌ವೇ ಉದ್ದ ಕಾಣುತ್ತಿದೆಯಾ? ಹತ್ತಿರ ಬಂದಿದ್ದೇವೆ, ಅದಕ್ಕೆ. ಎರಡು ರನ್‌ವೇ ಕಾಣುತ್ತಿದೆಯಾ? ಒಂದು ಟ್ಯಾಕ್ಸಿವೇ ಇರಬೇಕು. ಪಾಲೋ ಆಲ್ಟೋದಲ್ಲಿ ಒಂದೇ ರನ್‌ವೇ, ಸುಮಾರು 2,400 ಅಡಿ. ಮಾಫೆಟ್‌ನಲ್ಲಿ ಅಕ್ಕಪಕ್ಕ ಎರಡು, ಉದ್ದದ್ದು 9,000 ಅಡಿಗೂ ಜಾಸ್ತಿ. ಪಕ್ಕದಲ್ಲೇ 1930ರ ದಶಕದಲ್ಲಿ ವಾಯುನೌಕೆ ನಿಲ್ಲಿಸಲು ಕಟ್ಟಿದ ಹ್ಯಾಂಗರ್ ಒನ್, ಮೈಲಿಗಟ್ಟಲೆ ದೂರಕ್ಕೆ ಕಾಣುತ್ತದೆ. ಇಷ್ಟಿದ್ದೂ ಕಾಣಲಿಲ್ಲ ಅಂದರೆ ಕಣ್ಣಿನ ತೊಂದರೆ ಅಲ್ಲ. ಸೂರ್ಯ ಎದುರಿಗೆ, ಹೊಸ ಜಾಗ, ಡೌನ್‌ವಿಂಡ್ ಉದ್ದ ಆಗಿದೆ. ಅವರ ತಲೆಯಲ್ಲಿದ್ದ ಲೆಕ್ಕದ ಪ್ರಕಾರ "ತಿರುಗಿದ ಕೂಡಲೇ ರನ್‌ವೇ ಎದುರಿಗೆ ಬರುತ್ತದೆ". ಬಂತು. ಆದರೆ ಅದು ಮಾಫೆಟ್.

ಕಾಲುವೆ ದಾರಿ

ನಾನು ಟೆಕ್ಸಾಸ್‌ನಲ್ಲಿ ಇನ್‌ಸ್ಟ್ರಕ್ಟರ್, ಊರು ಮಂಡ್ಯದ ಕಡೆ. ಹೊಸ ಸೋಲೋ, ನಿನಗೇ ಬರೆಯುತ್ತಿದ್ದೇನಮ್ಮ, ಹೆದರಬೇಡ. ನನ್ನ ವಿದ್ಯಾರ್ಥಿಗಳಿಗೆ ನಾನು ಮಾಡಿಸುವುದು ಇಷ್ಟು.

ಹೊಸ ಏರ್‌ಪೋರ್ಟಿಗೆ ಹೋಗುವ ಹಿಂದಿನ ರಾತ್ರಿ ಉಪಗ್ರಹ ಚಿತ್ರ ತೆಗೆದು ಕೂರಬೇಕು. ಹೋಗುವ ಏರ್‌ಪೋರ್ಟ್ ಒಂದನ್ನೇ ನೋಡಿದರೆ ಸಾಲದು. ಸುತ್ತ ಹತ್ತು ಮೈಲಿಯೊಳಗೆ ಅದರ ಹಾಗೆ ಕಾಣುವ ಬೇರೆ ಯಾವುದಿದೆ ಅಂತ ಹುಡುಕಬೇಕು. ಕಾಗದದ ಮೇಲೆ ಬರೆದುಕೊಳ್ಳಬೇಕು: "ನನ್ನದು ಒಂದೇ ರನ್‌ವೇ, ನೀರಿನ ಅಂಚಿನಲ್ಲಿ. ಎರಡು ರನ್‌ವೇ, ದೊಡ್ಡ ಹ್ಯಾಂಗರ್ ಕಂಡರೆ ಅದು ನನ್ನದಲ್ಲ." ಈ "ನನ್ನದಲ್ಲ" ಅನ್ನುವ ಸಾಲು ತುಂಬಾ ಮುಖ್ಯ. ಸರಿ ಇರುವುದರ ಗುರುತು ಎಲ್ಲರೂ ಇಟ್ಟುಕೊಳ್ಳುತ್ತಾರೆ, ತಪ್ಪು ಇರುವುದರ ಗುರುತು ಯಾರೂ ಇಟ್ಟುಕೊಳ್ಳುವುದಿಲ್ಲ.

ಜಿಪಿಎಸ್‌ನಲ್ಲಿ ರನ್‌ವೇ ದಿಕ್ಕಿನ ಗೆರೆ ಹಾಕಿಡು. ಗಾರ್ಮಿನ್ ಕಂಪನಿಯದಾದರೆ ಓಬಿಎಸ್ (ಬೇಕಾದ ದಿಕ್ಕಿನ ಗೆರೆ ಹಾಕುವ ಬಟನ್) ಒತ್ತಿ ರನ್‌ವೇ ಕೋರ್ಸ್ ಕೂರಿಸು. ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಗೆ, ತಿರುಗಿದ ಮೇಲೆ ಒಂದೇ ಒಂದು ಸಲ ಕಣ್ಣು ಒಳಗೆ ತಂದು ಎರಡು ವಿಷಯ ನೋಡು. ಸೂಜಿ ಮಧ್ಯದಲ್ಲಿದೆಯಾ? ದೂರ ಎಷ್ಟು ತೋರಿಸುತ್ತಿದೆ? ರನ್‌ವೇ ಎದುರಿಗೆ ಒಂದು ಮೈಲಿ ಅನಿಸುತ್ತಿರುವಾಗ ಜಿಪಿಎಸ್ ಇನ್ನೂ ನಾಲ್ಕು ಮೈಲಿ ಅನ್ನುತ್ತಿದ್ದರೆ, ಇಳಿಯುವುದು ನಿಲ್ಲಿಸು, ಮೇಲಕ್ಕೆ ಹೋಗು. ಯೋಚನೆ ಆಮೇಲೆ. ದೂರದ ಲೆಕ್ಕ ಸುಳ್ಳು ಹೇಳುವುದಿಲ್ಲ. ದಿಕ್ಕು ಎರಡು ರನ್‌ವೇಗೂ ಒಂದೇ ಇರಬಹುದು, ದೂರ ಒಂದೇ ಇರೋಕೆ ಆಗುವುದಿಲ್ಲ.

ರಾತ್ರಿಯಾದರೆ ಬೀಕನ್, ಅಂದರೆ ಏರ್‌ಪೋರ್ಟಿನ ಮಿನುಗುವ ಗುರುತಿನ ದೀಪ ನೋಡು. ಅಮೆರಿಕದಲ್ಲಿ ಸಾರ್ವಜನಿಕ ಏರ್‌ಪೋರ್ಟ್ ಆದರೆ ಒಂದು ಬಿಳಿ, ಒಂದು ಹಸಿರು. ಮಿಲಿಟರಿ ಆದರೆ ಬಿಳಿ ಎರಡು ಸಲ ಬೇಗ ಬೇಗ ಮಿನುಗಿ ಆಮೇಲೆ ಹಸಿರು. ರನ್‌ವೇ ಮೇಲೆ ಬರೆದ ಸಂಖ್ಯೆ ಓದುತ್ತೇನೆ ಅಂತ ಕಾಯಬೇಡ, ಅದು ಕಾಣುವ ಹೊತ್ತಿಗೆ ನೀನು ತೀರಾ ಕೆಳಗೆ ಬಂದಿರುತ್ತೀಯ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ರೇಡಿಯೋದಲ್ಲಿ ಮೊದಲ ಸಲ ಮಾತಾಡುವಾಗಲೇ "ಈ ಏರ್‌ಪೋರ್ಟ್ ನನಗೆ ಹೊಸದು" ಅಂತ ಹೇಳಿಬಿಡುವುದು. ಅಷ್ಟು ಹೇಳಿದರೆ ಟವರ್‌ನವರು ನಿನ್ನ ಮೇಲೆ ಒಂದು ಕಣ್ಣು ಜಾಸ್ತಿ ಇಡುತ್ತಾರೆ. ಹೊಸ ಪೈಲಟ್‌ಗಳು ಇದನ್ನು ಹೇಳುವುದೇ ಇಲ್ಲ. ನಾಚಿಕೆ. ಬೇರೆಯವರೆಲ್ಲ ಅದೇ ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಳ್ಳುತ್ತಿರುತ್ತಾರೆ ಅಂತ. ಗೊತ್ತಿಲ್ಲ ಅಂತ ಹೇಳಲು ನಾಚಿಕೊಂಡೇ ಎಷ್ಟೋ ಜನ ತೊಂದರೆಗೆ ಬಿದ್ದಿರುವುದನ್ನು ನೋಡಿ ನನಗೆ ಸಂಕಟ ಆಗುತ್ತದೆ. ಕೆಂಪುಮಣ್ಣು ಅವರೇ, ನಿಮ್ಮ ಸ್ನೇಹಿತ ಹೇಳಿದ್ದರಾ?

ಕೆಂಪುಮಣ್ಣು

ಇಲ್ಲ ಮೇಡಂ, ಅದನ್ನು ಹೇಳಲಿಲ್ಲ. ನಿಮ್ಮ ಉತ್ತರ ಅವನಿಗೆ ಹಾಗೇ ಕಳಿಸಿದ್ದೇನೆ.

ಕಡಲತೀರ

ಛತ್ರದ ಮಾತು ಅರ್ಥವಾಯಿತು. ನನ್ನ ಮೊದಲ ಮಾತು ಬಿರುಸಾಯಿತು ಅಂತ ಒಪ್ಪುತ್ತೇನೆ, ಆದರೆ ಕಾಳಜಿ ಹಾಗೇ ಇದೆ. ಎಲ್ಲವೂ ಪೈಲಟ್‌ನ ಎಚ್ಚರದ ಮೇಲೆ ನಿಂತಿದೆಯಾ? ಎಚ್ಚರ ತಪ್ಪುವುದು ಸಹಜ ಅಂತ ನೀವೇ ಹೇಳುತ್ತಿದ್ದೀರಿ. ಹಾಗಿದ್ದರೆ ತಪ್ಪಿದಾಗ ಹಿಡಿಯುವವರು ಯಾರು? ಈ ಸಲ ಟವರ್‌ನ ಆ ಹೆಂಗಸು ನೋಡಿದರು. ನೋಡದಿದ್ದರೆ?

ಹಳೇ ಟವರ್

ಇದು ಸರಿಯಾದ ಪ್ರಶ್ನೆ. ಅಮೆರಿಕದ ಕಂಟ್ರೋಲರ್‌ಗಳ ನಿಯಮ ಪುಸ್ತಕದಲ್ಲಿ ಒಂದು ಸಾಲಿದೆ. ಪೈಲಟ್‌ಗೆ ಏರ್‌ಪೋರ್ಟ್ ಎಲ್ಲಿದೆ ಅಂತ ಹೇಳುವಾಗ, ಹತ್ತಿರದಲ್ಲಿ ಗೊಂದಲ ಮಾಡುವ ಇನ್ನೊಂದು ಇದ್ದರೆ ಅದು ಎಲ್ಲಿದೆ ಅಂತಲೂ ಹೇಳಬೇಕು. ನಿಮ್ಮದು ನೇರ ಐದು ಮೈಲಿ, ಇನ್ನೊಂದು ಸ್ವಲ್ಪ ಬಲಕ್ಕೆ ಹನ್ನೆರಡು ಮೈಲಿ, ಈ ಥರ. ಕೆಲಸದ ಒತ್ತಡದಲ್ಲಿ ಇದು ಬಿಟ್ಟುಹೋಗುತ್ತದೆ, ನಾನೂ ಆ ಕುರ್ಚಿಯಲ್ಲಿ ಕೂತವನು, ಆ ಒತ್ತಡ ಹೇಗಿರುತ್ತದೆ ಅಂತ ಗೊತ್ತು.

ಬ್ರಾನ್ಸನ್ ಆದ ಮೇಲೆ ಅಲ್ಲಿಯ ಸಾರಿಗೆ ಸುರಕ್ಷಾ ಮಂಡಳಿ ಎನ್‌ಟಿಎಸ್‌ಬಿ ಒಂದು ಒಳ್ಳೆಯ ಸಲಹೆ ಕೊಟ್ಟಿತು. ಗೊಂದಲ ಮಾಡುವ ಏರ್‌ಪೋರ್ಟನ್ನು ವಿಮಾನ ದಾಟುವವರೆಗೆ ಇಳಿಯಲು ಅನುಮತಿ ಕೊಡಬೇಡಿ ಅಂತ. ಸರಳ ಮಾತು. ಅನುಮತಿ ಬೇಗ ಸಿಕ್ಕರೆ ಪೈಲಟ್‌ನ ತಲೆಯಲ್ಲಿ "ಎಲ್ಲ ಆಯಿತು, ಇನ್ನು ಇಳಿಯುವುದೊಂದೇ" ಅಂತ ಕೂತುಬಿಡುತ್ತದೆ. ಅನುಮತಿ ಬಾಕಿ ಇದ್ದರೆ ಇನ್ನೊಂದು ಸಲ ಮಾತಾಡಲೇಬೇಕು, ಆ ಮಾತಿನಲ್ಲಿ ತಪ್ಪು ಹೊರಗೆ ಬರಬಹುದು. ನನಗೆ ಕೇಳಿದರೆ ಇಡೀ ವಿಷಯದಲ್ಲಿ ಅತಿ ಕಡಿಮೆ ಖರ್ಚಿನ ಮದ್ದು ಇದೇ. ಈಗ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯವರು ಕಂಟ್ರೋಲರ್ ಪರದೆಯಲ್ಲೇ ಎಚ್ಚರಿಕೆ ಬರುವ ಒಂದು ವ್ಯವಸ್ಥೆಯನ್ನೂ ತರುತ್ತಿದ್ದಾರೆ. ವಿಮಾನ ತಪ್ಪು ರನ್‌ವೇಗೋ, ಟ್ಯಾಕ್ಸಿವೇಗೋ, ತಪ್ಪು ಏರ್‌ಪೋರ್ಟಿಗೋ ಸಾಲಾಗುತ್ತಿದ್ದರೆ ಸದ್ದು ಮಾಡುತ್ತದೆ. ಬರಲಿ, ಒಳ್ಳೆಯದೇ. ಎಲ್ಲ ಟವರ್‌ಗೂ ಬೇಗ ಬರಬೇಕು.

ಥೇಮ್ಸ್ ದಂಡೆ

ಲಂಡನ್‌ನಿಂದ ಒಂದು ಮಾತು ಸೇರಿಸುತ್ತೇನೆ, ಪರದೆ ಗಿರದೆ ಇಲ್ಲದ ಕಾಲದ್ದು. 1960ರಲ್ಲಿ ಪ್ಯಾನ್ ಆಮ್ ಕಂಪನಿಯ 707 ಹೀಥ್ರೋ ಅಂದುಕೊಂಡು ನಾರ್ಥೋಲ್ಟ್ ವಾಯುನೆಲೆಯಲ್ಲಿ ಇಳಿದಿತ್ತು. ಎರಡು ಕಡೆ ಬರುವಾಗಲೂ ದಾರಿಯಲ್ಲಿ ದೊಡ್ಡ ಗ್ಯಾಸ್ ಟ್ಯಾಂಕ್ ಸಿಗುತ್ತಿತ್ತು, ಪೈಲಟ್‌ಗಳು ಅದನ್ನೇ ಗುರುತು ಇಟ್ಟುಕೊಳ್ಳುತ್ತಿದ್ದರು, ಒಂದನ್ನು ಇನ್ನೊಂದು ಅಂದುಕೊಳ್ಳುತ್ತಿದ್ದರು. ಕೊನೆಗೆ ಸೌತಾಲ್‌ನ ಟ್ಯಾಂಕ್ ಮೇಲೆ ಹೀಥ್ರೋಗೆ ಎಲ್‌ಎಚ್ ಅಂತಲೂ, ಸೌತ್ ಹ್ಯಾರೋದ ಟ್ಯಾಂಕ್ ಮೇಲೆ ನಾರ್ಥೋಲ್ಟ್‌ಗೆ ಎನ್‌ಒ ಅಂತಲೂ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬಣ್ಣ ಬಳಿದರು. ಪೈಲಟ್‌ಗೆ ಬೈಯುವುದು ಬಿಟ್ಟು ಟ್ಯಾಂಕಿಗೆ ಬಣ್ಣ ಬಳಿದ ಆ ಜನರ ಮೇಲೆ ನನಗೆ ತುಂಬಾ ಗೌರವ.

ಹೊಸ ಸೋಲೋ

ಮೇಡಂ, ತುಂಬಾ ಥ್ಯಾಂಕ್ಸ್. "ನನ್ನದಲ್ಲ" ಸಾಲು ಇವತ್ತೇ ಬರೆದುಕೊಂಡೆ. ಒಂದು ಅನುಮಾನ. ಪಕ್ಕದಲ್ಲಿ ಕೂತ ಪ್ರಯಾಣಿಕರು ಇದರಲ್ಲಿ ಸಹಾಯ ಮಾಡಬಹುದಾ?

ಕಾಲುವೆ ದಾರಿ

ಖಂಡಿತ. ಹತ್ತುವ ಮೊದಲೇ ಹೇಳಿಬಿಡು: ಇಳಿಯುವಾಗ ಸುಮ್ನೆ ಹರಟೆ ಬೇಡ, ಆದರೆ ಏನಾದರೂ ಸರಿ ಇಲ್ಲ ಅನಿಸಿದರೆ ತಕ್ಷಣ ಹೇಳಿ. ಐಪ್ಯಾಡ್ ಅವರ ತೊಡೆ ಮೇಲೆ ಇಡು. "ನಮ್ಮ ವಿಮಾನದ ಗುರುತು ಈ ಗೆರೆಯಿಂದ ಆಚೆ ಹೋದರೆ ಹೇಳಿ" ಅನ್ನು. ಹತ್ತು ವರ್ಷದ ಮಕ್ಕಳೂ ಈ ಕೆಲಸ ಮಾಡುತ್ತಾರೆ. ಪ್ರಯಾಣಿಕರು ಪೈಲಟ್‌ಗೆ ಗೊತ್ತಿರುತ್ತದೆ ಅಂತ ಬಾಯಿ ಮುಚ್ಚಿಕೊಂಡಿರುತ್ತಾರೆ. ಬಾಯಿ ತೆರೆಯಲು ನಾವೇ ಹೇಳಬೇಕು.

ವಿಚಿಟಾ ವಾಸಿ

ಕೆಂಪುಮಣ್ಣು ಅವರೇ, ಸ್ನೇಹಿತರಿಗೆ ಏನು ಹೇಳಲಿ ಅಂತ ಕೇಳಿದಿರಿ. ನಾಸಾಗೆ ವರದಿ ಕಳಿಸಲು ಹೇಳಿ. ಎಎಸ್‌ಆರ್‌ಎಸ್ ಅಂತ ಇದೆ, 1976ರಿಂದ ನಾಸಾ ನಡೆಸುತ್ತಿದೆ. ಪೈಲಟ್, ಕಂಟ್ರೋಲರ್, ಮೆಕ್ಯಾನಿಕ್ ಯಾರು ಬೇಕಾದರೂ ತಮ್ಮ ತಪ್ಪನ್ನೂ ಸೇರಿಸಿ ಬರೆದು ಕಳಿಸಬಹುದು. ಹೆಸರು, ವಿಳಾಸ ತೆಗೆದುಹಾಕಿ ವಿಷಯ ಮಾತ್ರ ಇಟ್ಟುಕೊಳ್ಳುತ್ತಾರೆ. ಬೇಕಂತ ಮಾಡಿದ್ದಲ್ಲದಿದ್ದರೆ, ಅಪಘಾತವೋ ಅಪರಾಧವೋ ಆಗಿಲ್ಲದಿದ್ದರೆ, ಹತ್ತು ದಿನದೊಳಗೆ ಕಳಿಸಿದವರಿಗೆ ಎಫ್‌ಎಎ ಸಾಮಾನ್ಯವಾಗಿ ದಂಡ, ಲೈಸೆನ್ಸ್ ಅಮಾನತು ಇಂಥ ಶಿಕ್ಷೆ ಹಾಕುವುದಿಲ್ಲ. ಹಿಂದಿನ ಐದು ವರ್ಷದಲ್ಲಿ ಬೇರೆ ಉಲ್ಲಂಘನೆ ಸಾಬೀತಾಗಿರಬಾರದು, ಅದೊಂದು ಷರತ್ತು ಇದೆ. ನೀವು ಹೋದ ವಾರ ಅಂದಿರಿ, ಹಾಗಾಗಿ ತಡ ಮಾಡಬೇಡಿ.

2014ರಲ್ಲಿ ಎಪಿ ಸುದ್ದಿಸಂಸ್ಥೆ ಇಂಥ ವರದಿಗಳನ್ನೂ ಇತರ ದಾಖಲೆಗಳನ್ನೂ ತೆಗೆದು ನೋಡಿದಾಗ ಸುಮಾರು ಇಪ್ಪತ್ತು ವರ್ಷದಲ್ಲಿ ಅಮೆರಿಕದಲ್ಲಿ ಕಡಿಮೆ ಅಂದರೂ 150 ಪ್ರಯಾಣಿಕ ಮತ್ತು ಸರಕು ವಿಮಾನಗಳು ತಪ್ಪು ಏರ್‌ಪೋರ್ಟ್‌ನಲ್ಲಿ ಇಳಿದಿದ್ದವು ಅಥವಾ ಇಳಿಯಲು ಹೋಗಿದ್ದವು. ಅದರಲ್ಲಿ ಸ್ಯಾನ್ ಹೋಸೆಗೆ ಹೋಗಬೇಕಾದವರು ಮಾಫೆಟ್ ಕಡೆ ತಿರುಗಿದ್ದು ಹಲವು ಸಲ. ಚಳಿಗಾಲದಲ್ಲಿ ಹವಾಮಾನ ಕೆಟ್ಟು ರನ್‌ವೇ 12 ಬಳಸುವಾಗ ಇದು ಮತ್ತೆ ಮತ್ತೆ ಆಗುತ್ತದೆ ಅಂತ ಅಲ್ಲಿಯ ಕಂಟ್ರೋಲರ್ ಒಬ್ಬರೇ ವರದಿಯಲ್ಲಿ ಬರೆದಿದ್ದರು. ಅಂದರೆ ನಿಮ್ಮ ಸ್ನೇಹಿತ ತಿರುಗಿದ್ದೂ ಅದೇ ಮಾಫೆಟ್ ಕಡೆ! ಏರ್‌ಲೈನ್ ಪೈಲಟ್‌ಗಳು ಸಿಕ್ಕಿಬಿದ್ದ ಜಾಗವೇ ಅದು. ಅವರೆಲ್ಲ ಬರೆದು ಕಳಿಸಿದ್ದಕ್ಕೇ ಇದು ನಮಗೆ ಗೊತ್ತಾಗಿದ್ದು. ಪಾಲೋ ಆಲ್ಟೋ ಕಡೆಯಿಂದಲೂ ಹೀಗಾಗುತ್ತದೆ ಅಂತ ಇವರು ಬರೆದರೆ ಮುಂದಿನವರಿಗೆ ಉಪಯೋಗ ಆಗುತ್ತದೆ.

ಜಕ್ಕೂರು ರೆಕ್ಕೆ

ನಮ್ಮಲ್ಲೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಸ್ವಂತ ಇಚ್ಛೆಯಿಂದ ವರದಿ ಕೊಡುವ ವ್ಯವಸ್ಥೆ ಇದೆ. ಆದರೆ ತರಬೇತಿ ಹಂತದಲ್ಲಿರುವ ಹುಡುಗರು ಬರೆಯಲು ಹೆದರುತ್ತಾರೆ. ಯಲಹಂಕದ ಕಡೆ ಒಂದು ಕ್ಷಣ ತಿರುಗಿದ್ದೆ ಅಂತ ಬರೆದರೆ ಸೋಲೋ, ಅಂದರೆ ಒಬ್ಬರೇ ಹಾರುವುದನ್ನು, ನಿಲ್ಲಿಸಿಬಿಟ್ಟರೆ ಅಂತ. ಈ ಹೆದರಿಕೆ ಹೋಗಬೇಕು. ಇನ್‌ಸ್ಟ್ರಕ್ಟರ್‌ಗಳೇ ಮೊದಲು ಬರೆದು ತೋರಿಸಿದರೆ ಹುಡುಗರೂ ಬರೆಯುತ್ತಾರೆ.

ಕಡಲತೀರ

ಶಿಕ್ಷೆ ಇಲ್ಲ ಅಂದರೆ ಜನ ಸಡಿಲ ಆಗುವುದಿಲ್ವಾ ಅಂತ ಕೇಳಬೇಕು ಅಂತಿದ್ದೆ. ಆದರೆ ಮಾಫೆಟ್ ವಿಷಯ ಓದಿದ ಮೇಲೆ ಬೇರೆ ಥರ ಅನಿಸುತ್ತಿದೆ. ಶಿಕ್ಷೆ ಇದ್ದಿದ್ದರೆ ಯಾರೂ ಬರೆಯುತ್ತಿರಲಿಲ್ಲ, ಆ ಜಾಗ ಅಪಾಯದ್ದು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಂಪುಮಣ್ಣು, ನಿಮ್ಮ ಸ್ನೇಹಿತರಿಗೆ ನನ್ನ ಮೊದಲ ಕಾಮೆಂಟ್ ತೋರಿಸಬೇಡಿ. ಇನ್‌ಸ್ಟ್ರಕ್ಟರ್ ಜೊತೆ ಅದೇ ಪಾಲೋ ಆಲ್ಟೋಗೆ ಮತ್ತೆ ಬರಲಿ ಅಂತ ಹೇಳಿ.

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅವನು ನಾಸಾ ವರದಿ ಕಳಿಸಿದ. ಬರೆಯುವಾಗ ಫೋನ್‌ನಲ್ಲಿ ನನ್ನನ್ನೂ ಕೂರಿಸಿಕೊಂಡಿದ್ದ, ಟವರ್‌ನವರು ಯಾವಾಗ ಏನು ಹೇಳಿದರು ಅಂತ ಸೇರಿ ನೆನಪು ಮಾಡಿಕೊಂಡೆವು. ಜುಹು, ವಿಚಿಟಾ ಎಲ್ಲ ಓದಿ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "747ರವರಿಗೂ ಹೀಗಾಗಿದೆಯಾ" ಅಂತ ಒಂದೇ ಮಾತು ಕೇಳಿದ. ಶನಿವಾರ ಇನ್‌ಸ್ಟ್ರಕ್ಟರ್ ಜೊತೆ ಬರುತ್ತಾನಂತೆ, ಈ ಸಲ ಬೆಳಿಗ್ಗೆ, ಸೂರ್ಯ ಬೆನ್ನಿಗಿರುವಾಗ. ಹಿಂದಿನ ಸೀಟು ನನಗೆ.

ಕಾಲುವೆ ದಾರಿ ಮೇಡಂ, "ನನ್ನದಲ್ಲ" ಪಟ್ಟಿ ನಾವಿಬ್ಬರೂ ಸೇರಿ ಮಾಡುತ್ತಿದ್ದೇವೆ. ಒಂದೇ ರನ್‌ವೇ, ಕೊಲ್ಲಿಯ ಅಂಚು, ಉತ್ತರಕ್ಕೆ ಡಂಬಾರ್ಟನ್ ಸೇತುವೆ, ಇಷ್ಟು ಬರೆದಿದ್ದೇವೆ. ಹ್ಯಾಂಗರ್ ಒನ್ ಎಡಗಡೆ ಕಂಡರೆ ತಿರುಗುವುದು ತಡವಾಯಿತು ಅಂತ ಲೆಕ್ಕ ಹಾಕಬಹುದಾ, ಅಥವಾ ಅದು ಯಾವ ಕಡೆ ಕಾಣಬೇಕು ಅನ್ನುವುದು ಡೌನ್‌ವಿಂಡ್ ಎಷ್ಟು ಉದ್ದ ಹೋಗಿದ್ದೇವೆ ಅನ್ನುವುದರ ಮೇಲೆ ನಿಂತಿದೆಯಾ?

ಕಾಲುವೆ ದಾರಿ

ಡೌನ್‌ವಿಂಡ್ ಮೇಲೆ ನಿಂತಿದೆ, ಹಾಗಾಗಿ ಎಡ-ಬಲ ಬರೆಯಬೇಡಿ. "ಹ್ಯಾಂಗರ್ ಪಕ್ಕದ ರನ್‌ವೇ ನನ್ನದಲ್ಲ" ಅಂತ ಬರೆಯಿರಿ, ಅದು ಯಾವ ಕಡೆಯಿಂದ ಬಂದರೂ ನಿಜ. ಇನ್ನೊಂದು, ಜಿಪಿಎಸ್ ದೂರದ ಸಾಲು ಪಟ್ಟಿಯಲ್ಲಿ ಇಲ್ಲ, ಸೇರಿಸಿ. ಶನಿವಾರ ಗಾಳಿ ಉಲ್ಟಾ ಇದ್ದರೆ ರನ್‌ವೇ 13 ಕೊಡುತ್ತಾರೆ, ಆಗ ಮಾಫೆಟ್ ಮುಂದೆ ಇರುತ್ತದೆ, ಅದಕ್ಕೂ ಒಂದು ಚಿತ್ರ ಬರೆದಿಟ್ಟುಕೊಳ್ಳಲು ಹೇಳಿ. ಪಟ್ಟಿ ಮುಗಿದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.